ಟವಲ್ ಯೇಸಪ್ಪನ ನಾಲ್ಕನೇ ಮೂಲೆ

ನನ್ನ ಅಂಗಡಿಗೆ ದೇವರುಗಳು ಬರುವುದು ಆಟೋದಲ್ಲಿ, ಸ್ಕೂಟರಿನ ಮುಂದುಗಡೆ ನಿಂತು, ಇಲ್ಲವೇ ಯಾರದೋ ಕಂಕುಳಲ್ಲಿ. ರಾಜಾಜಿನಗರದ ರಾಮಮಂದಿರದ ಹಿಂದಿನ ರಸ್ತೆಯಲ್ಲಿ ಫೋಟೊಗಳಿಗೆ ಕಟ್ಟು ಹಾಕುವ ಅಂಗಡಿ ನನ್ನದು. ಗಾಜು ಒಡೆದ ಲಕ್ಷ್ಮಿ, ಗೆದ್ದಲು ಹಿಡಿದ ಗಣೇಶ, ಊದುಬತ್ತಿ ಹೊಗೆಗೆ ಮುಖವೇ ಕಾಣದಂತಾದ ವೆಂಕಟರಮಣ, ಎಲ್ಲರನ್ನೂ ಒರೆಸಿ, ಮಾಸಿದ ಕಡೆ ಬಣ್ಣ ಕೊಟ್ಟು, ಹೊಸ ಕಟ್ಟು ಹಾಕಿ ಕಳಿಸುತ್ತೇನೆ. ಐದು ವರ್ಷ ಚಿತ್ರಕಲೆ ಕಲಿತವಳು ಇಂಥ ಕೆಲಸ ಮಾಡುವುದೇ ಎಂದು ಮರುಗುವ ನೆಂಟರಿದ್ದಾರೆ. ಅವರ ಮನೆಯ ಮದುವೆ ಫೋಟೊಗಳಿಗೂ ನಾನೇ ಕಟ್ಟು ಹಾಕಿದ್ದೇನೆ.

ನವೆಂಬರಿನ ಒಂದು ಬೆಳಿಗ್ಗೆ ಅಂಗಡಿ ಮುಂದೆ ಗೂಡ್ಸ್ ಆಟೋ ಬಂದು ನಿಂತಿತು. ಒಳಗೆ ಹೂವಿನ ಚಾದರ ಸುತ್ತಿದ, ಬಾಗಿಲಿನಷ್ಟು ಎತ್ತರದ ಚಿತ್ರ. ಅದನ್ನು ಅಪ್ಪಿ ಹಿಡಿದುಕೊಂಡು ಕೂತಿದ್ದವರು ಬಿನ್ನಿಪೇಟೆಯ ಸಣ್ಣ ಚರ್ಚಿನ ಫಾದರ್ ಜಯರಾಜ್. ವಯಸ್ಸು ಚಿಕ್ಕದು, ಊರಿಗೆ ಹೊಸಬರು. ಚಾದರದ ಒಂದು ಮೂಲೆ ಸರಿಸಿದೊಡನೆ ನನಗೆ ಗುರುತು ಸಿಕ್ಕಿತು.

"ಇದು ಟವಲ್ ಯೇಸಪ್ಪ ಅಲ್ವಾ ಫಾದರ್?" ಎಂದೆ.

ಫಾದರ್ ಸಂಕೋಚದಿಂದ ನಕ್ಕರು. "ಆ ಹೆಸರಿಂದಲೇ ಅಕ್ಕಾ, ಈಗ ತೊಂದ್ರೆ ಆಗಿರೋದು."

ಬಿನ್ನಿಪೇಟೆಯಲ್ಲಿ ಮಿಲ್ಲು ನಡೆಯುತ್ತಿದ್ದ ಕಾಲದಲ್ಲಿ ಆ ಚರ್ಚು ಕಾರ್ಮಿಕರ ಲೈನು ಮನೆಗಳ ನಡುವೆ ಇತ್ತು. ಒಳಗೆ ಎತ್ತರದಲ್ಲಿ ಈ ಚಿತ್ರ. ಶಿಲುಬೆಯ ಮೇಲೆ ಯೇಸು, ಸೊಂಟಕ್ಕೆ ಬಿಳಿ ಬಟ್ಟೆ, ಬಟ್ಟೆಯ ಎರಡೂ ತುದಿಗೆ ಕಪ್ಪು ಪಟ್ಟೆ. ನಮ್ಮ ಮಿಲ್ಲಿನ ಟವಲಿಗೂ ಅಂಥದೇ ಕಪ್ಪು ಪಟ್ಟೆ ಇರುತ್ತಿತ್ತು. ಹಾಗಾಗಿ ಯೇಸಪ್ಪ ನಮ್ಮ ಮಿಲ್ಲಿನ ಟವಲು ಉಟ್ಟಿದ್ದಾನೆ ಎಂದು ಇಡೀ ಲೈನಿನವರು ನಂಬಿದರು. ಇದರಲ್ಲಿ ಕ್ರಿಶ್ಚಿಯನ್ನರು ಹಿಂದೂಗಳು ಎಂಬ ಭೇದ ಇರಲಿಲ್ಲ. ಪಾಳಿಗೆ ಹೋಗುವವರೆಲ್ಲ ಬಾಗಿಲಲ್ಲೇ ನಿಂತು ಕೈ ಮುಗಿದು ಹೋಗುತ್ತಿದ್ದರು. ನಮ್ಮವನಲ್ಲದಿದ್ದರೆ ನಮ್ಮ ಟವಲು ಯಾಕೆ ಉಡುತ್ತಾನೆ ಎನ್ನುವುದು ಅವರ ತರ್ಕ.

ಚಿತ್ರ ಬರೆದವರು ಮಿಲ್ಲಿನ ಡಿಸೈನ್ ಸೆಕ್ಷನ್ನಿನ ಸಲೋಮನ್ ಪೆಣ್ಕರ್. ಕೊಂಕಣದ ಕಡೆಯಿಂದ ಬಂದ ಯಹೂದಿ. ಅವರು ಯಹೂದಿ ಎಂದು ಎಲ್ಲರಿಗೂ ಗೊತ್ತಿತ್ತು, ಹಾಗೆಂದರೇನು ಎಂದು ಯಾರಿಗೂ ಗೊತ್ತಿರಲಿಲ್ಲ. ಮಿಲ್ಲಿನವರ ಲೆಕ್ಕದಲ್ಲಿ ಅವರು ಬೇರೆ ಥರದ ಕ್ರಿಶ್ಚಿಯನ್, ಭಾನುವಾರದ ಬದಲು ಶನಿವಾರ ರಜಾ ಕೇಳುವವರು, ಅಷ್ಟೆ.

ಫಾದರ್ ವಿಷಯಕ್ಕೆ ಬಂದರು. ಚರ್ಚಿನ ಗೋಡೆ ಹೊಸದಾಗಿ ಕಟ್ಟಿಸಿದ್ದಾರೆ. ಕ್ರಿಸ್ಮಸ್ ಒಳಗೆ ಚಿತ್ರವನ್ನು ತೊಳೆದು, ಹೊಸ ಕಟ್ಟು ಹಾಕಿ ಕೊಡಬೇಕು. ಜೊತೆಗೆ ಇನ್ನೊಂದು ಕೆಲಸ. ಮಿಲ್ಲಿನ ಜಾಗದಲ್ಲಿ ಈಗ ಅಪಾರ್ಟ್‌ಮೆಂಟುಗಳು ಬಂದಿವೆ, ಅಲ್ಲಿಂದ ಬರುವ ಹೊಸ ಭಕ್ತರ ಮಕ್ಕಳು ಟವಲು ನೋಡಿ ನಗುತ್ತವೆ. ಕಮಿಟಿಯ ವಿಮಲಮ್ಮನವರಿಗೆ ಅದನ್ನು ಸಹಿಸಲು ಆಗುತ್ತಿಲ್ಲ.

"ಆ ಕಪ್ಪು ಪಟ್ಟೆ ಮುಚ್ಚಿ ಪೂರ್ತಿ ಬಿಳಿ ಬಣ್ಣ ಹೊಡೆದುಬಿಡಿ ಅಂತಾರೆ," ಎಂದರು ಫಾದರ್.

ನನಗೆ ಸಿಟ್ಟು ಬಂತು. ನಾನು ಸಿಟ್ಟು ಬಂದಾಗ ಸಣ್ಣ ದನಿಯಲ್ಲಿ ಮಾತಾಡುತ್ತೇನೆ, ಅದು ನಮ್ಮ ಮನೆಯವರಿಗೆಲ್ಲ ಗೊತ್ತು. "ಫಾದರ್, ಆ ಟವಲು ನೇಯ್ದಿದ್ದು ನಮ್ಮಪ್ಪ," ಎಂದೆ.

ಅವರು ಮತ್ತೆ ನಕ್ಕರು. ಕೆಟ್ಟ ನಗುವಲ್ಲ. "ಹಾಗೆ ಹೇಳೋರು ತುಂಬ ಜನ ಇದಾರೆ ಅಕ್ಕಾ. ಮಿಲ್ಲಲ್ಲಿದ್ದ ಲಗ್ಗೆರೆ ಚಿಕ್ಕಣ್ಣನವರೂ ನಂದೇ ಅಂತಾರೆ. ಒಂದು ಕೆಲಸ ಮಾಡಿ, ಮೊದಲು ತೊಳೀರಿ. ಬಣ್ಣದ ವಿಷಯ ಆಮೇಲೆ ನೋಡೋಣ. ಆ ಬಟ್ಟೆಗೆ ಏನಾದ್ರೂ ಅರ್ಥ ಇದ್ರೆ ನಾನು ಕಮಿಟಿ ಹತ್ರ ಮಾತಾಡಬಹುದು. ಬರೀ ಟವಲು ಅಂದ್ರೆ ಏನಂತ ಮಾತಾಡ್ಲಿ ಹೇಳಿ."

ನನ್ನ ಅಪ್ಪ ಕೃಷ್ಣಯ್ಯನಿಗೆ ಎಂಬತ್ತು ದಾಟಿದೆ. ಮಿಲ್ಲಿನಲ್ಲಿ ನೇಕಾರರಾಗಿ ಸೇರಿ ನೇಕಾರರಾಗಿಯೇ ಹೊರಬಿದ್ದವರು. ಈಗ ಅತ್ತಿಗುಪ್ಪೆಯಲ್ಲಿ ನನ್ನ ಜೊತೆಗಿದ್ದಾರೆ. ಅಪ್ಪನಿಗೆ ಆಸ್ತಿಯಿಲ್ಲ, ಪದಕವಿಲ್ಲ, ಹೇಳಿಕೊಳ್ಳುವಂಥ ಜಗಳವೂ ಇಲ್ಲ. ಇರುವುದೊಂದೇ ಕಥೆ. ಅದನ್ನು ಮೆಟ್ರೊದಲ್ಲಿ ಪಕ್ಕ ಕೂತವರಿಗೆ ಹೇಳುತ್ತಾರೆ, ಬಿಪಿ ನೋಡುವ ನರ್ಸಿಗೆ ಹೇಳುತ್ತಾರೆ, ಗ್ಯಾಸ್ ಸಿಲಿಂಡರ್ ತಂದವನನ್ನು ನಿಲ್ಲಿಸಿಕೊಂಡು ಹೇಳುತ್ತಾರೆ.

"ಪೆಣ್ಕರ್ ಸಾಹೇಬ್ರು ನನ್ ಮಗ್ಗದ ಹತ್ರ ಬಂದ್ರು. ಕೈಯಲ್ಲಿ ಪೆನ್ಸಿಲಲ್ಲಿ ಬರ್ದಿದ್ದ ಡಿಸೈನು. ಕೃಷ್ಣಯ್ಯ, ಇಂಥದೊಂದು ಬಟ್ಟೆ ಬೇಕು, ಹತ್ತಿ ಬಿಟ್ಟು ಇನ್ನೊಂದು ಎಳೆ ಸೇರಕೂಡದು ಅಂದ್ರು. ಮಿಲ್ಲಿನ ಮಗ್ಗದಲ್ಲಿ ಒಂದೇ ಒಂದು ಬಟ್ಟೆ ನೇಯೋಕಾಗುತ್ತಾ? ಕಬ್ಬನ್‌ಪೇಟೆಲಿ ನಮ್ ಸೋದರಮಾವನ ಕೈಮಗ್ಗ ಇತ್ತು. ಅಲ್ಲಿ ಕೂತು ನೇಯ್ದು ಕೊಟ್ಟೆ. ಅದನ್ನೇ ಸಾಹೇಬ್ರು ಯೇಸಪ್ಪಂಗೆ ಉಡ್ಸಿದ್ರು."

ಕಥೆ ಇಲ್ಲಿಗೆ ಮುಗಿದ ಕೂಡಲೇ ಅಡುಗೆಮನೆಯಿಂದ ಅಮ್ಮನ ದನಿ ಬರುತ್ತದೆ. "ಯೇಸಪ್ಪಂಗೆ ಬಟ್ಟೆ ನೇಯ್ದು ಕೊಟ್ರು. ನಂಗೊಂದು ಸೀರೆ ನೇಯ್ದು ಕೊಡ್ಲಿಲ್ಲ."

ನನಗೆ ಬುದ್ಧಿ ಬಂದಾಗಿನಿಂದ ಈ ಎರಡು ಮಾತುಗಳು ಒಂದರ ಹಿಂದೆ ಒಂದು ಬಂದಿವೆ. ಕೇಳಿದವರು ನಗುತ್ತಾರೆ, ಅಪ್ಪನೂ ನಗುತ್ತಾರೆ. ಅಮ್ಮ ನಗುವುದಿಲ್ಲ. ಅದನ್ನು ನಾನು ಗಮನಿಸಿದ್ದೆ, ಕಾರಣ ಕೇಳಿರಲಿಲ್ಲ.

ಆವತ್ತು ಸಂಜೆ ಫಾದರ್ ಹೇಳಿದ್ದನ್ನು ಅಪ್ಪನಿಗೆ ಹೇಳಿದೆ. ಅವರು ತಟ್ಟೆಯಲ್ಲಿದ್ದ ಮುದ್ದೆಯನ್ನು ಹಾಗೇ ಬಿಟ್ಟು ಕೂತರು. "ಬಿಳಿ ಬಳೀತಾರಂತಾ?" ಎಂದು ಕೇಳಿದರು. ತಟ್ಟೆ ಪಕ್ಕಕ್ಕೆ ಸರಿಸಿ, "ಅದೊಂದೇ ಕಣಮ್ಮ ನಾನ್ ಮಾಡಿದ್ರಲ್ಲಿ ಉಳ್ಕೊಂಡಿರೋದು," ಎಂದರು. ಅದು ನಿಜ. ಅವರು ನೇಯ್ದ ಸಾವಿರಾರು ಮಾರು ಬಟ್ಟೆಯನ್ನು ಜನ ಉಟ್ಟು, ಹರಿದು, ನೆಲ ಒರೆಸಿ ಎಸೆದಾಯಿತು. ಮಿಲ್ಲೇ ಉಳಿಯಲಿಲ್ಲ. ಹೇಗಾದರೂ ಮಾಡಿ ಆ ಪಟ್ಟೆ ಉಳಿಸಬೇಕು ಎಂದು ನಾನು ನಿಶ್ಚಯ ಮಾಡಿದೆ.

ಚಿತ್ರ ತೊಳೆಯಲು ಶುರು ಮಾಡಿದೆ. ಮಿಲ್ಲಿನ ದಪ್ಪ ಬಟ್ಟೆಯ ಮೇಲೆ ಎಣ್ಣೆ ಬಣ್ಣ. ಅದರ ಮೇಲೆ ಮೇಣದ ಬತ್ತಿಯ ಮಸಿ ಪದರಗಟ್ಟಿತ್ತು. ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಅಂಗೈಯಗಲ ಒರೆಸುವುದು, ಒಣಗಲು ಬಿಡುವುದು, ಮತ್ತೆ ಒರೆಸುವುದು. ಮಸಿ ಹೋದ ಕಡೆ ಪೆಣ್ಕರ್ ಸಾಹೇಬರ ಕೈ ಕಾಣುತ್ತ ಬಂತು. ನನಗಿಂತ ಎಷ್ಟೋ ದೊಡ್ಡ ಕೈ ಅದು. ಯೇಸುವಿನ ಹಿಂದೆ ಗುಡ್ಡವೆಂದು ಎಲ್ಲರೂ ತಿಳಿದಿದ್ದದ್ದು ಮಿಲ್ಲಿನ ಛಾವಣಿ, ಅದರ ಮೇಲೆ ಚಿಮಣಿಯ ಹೊಗೆ. ಯೇಸುವಿನ ಮುಖ ಪಾಳಿ ಮುಗಿಸಿ ಬಂದವನ ಮುಖ.

ಆಮೇಲೆ ಬಟ್ಟೆಗೆ ಬಂದೆ. ಪಟ್ಟೆಗಳು ಸ್ಪಷ್ಟವಾದವು. ಆದರೆ ಬಟ್ಟೆಯ ಮೂರು ಮೂಲೆಗಳನ್ನು ಒರೆಸಿದಾಗ ಹೊಸದೊಂದು ಕಾಣಿಸಿತು. ಒಂದೊಂದು ಮೂಲೆಯಿಂದಲೂ ಗಂಟು ಗಂಟು ಹಾಕಿದ ಉದ್ದನೆಯ ಕುಚ್ಚು ಇಳಿಬಿದ್ದಿತ್ತು. ಅಷ್ಟು ವರ್ಷ ಮಸಿಯಲ್ಲಿ ಮುಚ್ಚಿಹೋಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನನಗೆ ಖುಷಿಯಾಗಿ ಅಪ್ಪನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದೆ.

ಅಪ್ಪ ಕನ್ನಡಕ ಒರೆಸಿಕೊಂಡು ನೋಡಿದರು. ಹತ್ತಿರ ಹೋದರು, ದೂರ ಬಂದರು.

"ಇದು ನಂದಲ್ಲ," ಎಂದರು.

"ಪಟ್ಟೆ ನೋಡಪ್ಪ."

"ಪಟ್ಟೆ ಯಾರ್ ಬೇಕಾದ್ರೂ ನೇಯ್ತಾರೆ. ನಾನ್ ಕೊಟ್ಟಿದ್ದಕ್ಕೆ ಕುಚ್ಚೇ ಇರ್ಲಿಲ್ಲ. ಸಾಹೇಬ್ರು ಬೇರೆ ಯಾವ್ದನ್ನೋ ಇಟ್ಕೊಂಡು ಬರ್ದಿದಾರೆ. ನಂದು ಇಷ್ಟ ಆಗಿರಲ್ಲ."

"ಇಷ್ಟ ಆಗದೆ ಇರೋಕೆ ಏನಿತ್ತಪ್ಪ?"

ಅವರು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಮನೆಗೆ ಕರೆದುಕೊಂಡು ಹೋಗು ಎಂದರು. ಮರುದಿನ ಸಿಲಿಂಡರ್ ತಂದವನು, "ಏನ್ ತಾತ, ಯೇಸಪ್ಪನ ಟವಲು ಹೆಂಗಿದೆ?" ಎಂದು ತಾನಾಗಿಯೇ ಕೇಳಿದ. ಅಪ್ಪ ಅವನಿಗೆ ನೀರು ಕೊಟ್ಟು ಕಳಿಸಿದರು. ಅಮ್ಮ ಅಡುಗೆಮನೆಯಲ್ಲಿ ತನ್ನ ಮಾತಿಗೆ ಕಾದು ನಿಂತಿದ್ದಳು, ಹೇಳುವ ಪ್ರಸಂಗವೇ ಬರಲಿಲ್ಲ. ಆ ಕಥೆ ಕೇಳಿ ಕೇಳಿ ನನಗೆ ಸಾಕಾಗಿದೆ ಎಂದು ಎಷ್ಟೋ ಸಲ ಅಂದುಕೊಂಡಿದ್ದೆ. ಅದು ನಿಂತುಹೋದ ಮೇಲೆ ಮನೆಯಲ್ಲಿ ಕೂರುವುದೇ ಕಷ್ಟವಾಯಿತು.

ಪೆಣ್ಕರ್ ಸಾಹೇಬರನ್ನು ಮೈಸೂರು ರಸ್ತೆಯ ಯಹೂದಿಗಳ ಸ್ಮಶಾನದಲ್ಲಿ ಮಣ್ಣು ಮಾಡಿದ್ದು ಅಪ್ಪನಿಗೆ ಗೊತ್ತಿತ್ತು. ಆ ದಿನ ಅವರೂ ಹೋಗಿದ್ದರು. ಅವರ ಮನೆಯವರ ಸುಳಿವು ಸಿಗಬಹುದೆಂದು ಅಂಗಡಿ ಮುಚ್ಚಿ ನಾನು ಅಲ್ಲಿಗೆ ಹೋದೆ. ಒಳಗೆ ಹೂವಿನ ಗಿಡಗಳಿಗೆ ನೀರು ಬಿಡುತ್ತಿದ್ದ ಪಾರವ್ವ ಎನ್ನುವಾಕೆಗೆ ಹೆಸರು ಹೇಳಿದ ತಕ್ಷಣ ಗೊತ್ತಾಯಿತು. "ಅವರ ಮಗಳು ವರ್ಷಕ್ಕೊಂದ್ ಸಲ ಬಂದು ಕಲ್ಲಿಟ್ಟು ಹೋಗ್ತಾರೆ. ನಂಬರ್ ಐತೆ, ಬರ್ಕೊಳ್ಳಿ," ಎಂದು ತನ್ನ ಫೋನು ಕೊಟ್ಟಳು. ಗೋರಿಯ ಮೇಲೆ ಸಣ್ಣ ಸಣ್ಣ ಬೆಣಚು ಕಲ್ಲುಗಳನ್ನು ಸಾಲಾಗಿ ಇಟ್ಟಿದ್ದರು. ಹೂವಿನ ಬದಲು ಕಲ್ಲಿಡುವುದು ಅವರ ಪದ್ಧತಿಯಂತೆ.

ಮಗಳ ಹೆಸರು ಹನ್ನಾ. ಕೊಂಕಣದ ಕಡೆಯ ಠಾಣೆ ಊರಿನಲ್ಲಿದ್ದಾರೆ, ಅರವತ್ತರ ಆಸುಪಾಸು. ಕರೆ ಮಾಡಿ ಹಿಂದಿಯಲ್ಲಿ ತಡವರಿಸುತ್ತಿದ್ದಾಗ ಅವರೇ ತಡೆದರು. "ಕನ್ನಡದಲ್ಲೇ ಮಾತಾಡಿ. ನಾನು ಹೈಸ್ಕೂಲ್ ಮುಗಿಯೋವರ್ಗೂ ಬಿನ್ನಿಪೇಟೆ ಹುಡುಗಿ." ಚಿತ್ರದ ಫೋಟೊ ಕಳಿಸಿದೆ. ಆಮೇಲೆ ಅವರೇ ಕರೆ ಮಾಡಿದರು. ಅಳುತ್ತಿದ್ದರು.

"ಆ ಕುಚ್ಚು ನಮ್ ತಾತ ಕಟ್ಟಿದ್ದು. ಅದು ಟವಲಲ್ಲ, ನಮ್ಮವರು ಪ್ರಾರ್ಥನೆ ಮಾಡುವಾಗ ಹೊದ್ದುಕೊಳ್ಳೋ ಶಾಲು. ತಲ್ಲಿತ್ ಅಂತೀವಿ. ತಾತನಿಂದ ಅಪ್ಪಂಗೆ ಬಂದಿದ್ದು. ನಾನು ಭಾನುವಾರ ಬರ್ತೀನಿ. ನಾನು ನೋಡೋವರ್ಗೂ ಏನೂ ಮುಟ್ಬೇಡಿ."

ನನಗೆ ಸಂತೋಷವೂ ಸಂಕಟವೂ ಒಟ್ಟಿಗೆ ಆಯಿತು. ಬಟ್ಟೆಗೆ ಅರ್ಥವಿದೆ ಎಂದು ಫಾದರಿಗೆ ಹೇಳಬಹುದು. ಪಟ್ಟೆ ಉಳಿಯಬಹುದು. ಆದರೆ ಅದು ಅಪ್ಪನದಲ್ಲ. ಕೊಂಕಣದ ಯಾವುದೋ ಊರಿನಲ್ಲಿ ಯಾರೋ ನೇಯ್ದದ್ದು, ತಂದೆಯಿಂದ ಮಗನಿಗೆ ಬಂದದ್ದು. ಅಪ್ಪನಿಗೆ ಇದನ್ನು ಹೇಗೆ ಹೇಳಲಿ? ಸಾಹೇಬರ ಮಗಳು ಬರುತ್ತಾರೆ ಎಂದಷ್ಟೇ ಹೇಳಿದೆ.

ಭಾನುವಾರ ಅಪ್ಪ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು ಹೊರಟು ನಿಂತರು. ಅಮ್ಮನೂ ಬರುತ್ತೇನೆ ಎಂದಳು. ಚರ್ಚಿನಲ್ಲಿ ಆ ಚಿತ್ರವನ್ನು ಅವಳು ಎಂದೂ ಹತ್ತಿರದಿಂದ ನೋಡಿದವಳಲ್ಲ. ಎತ್ತರದಲ್ಲಿತ್ತು, ಕತ್ತಲಲ್ಲಿತ್ತು, ಅವಳಿಗೆ ಅದರ ಮೇಲೆ ಸ್ವಲ್ಪ ಮುನಿಸೂ ಇತ್ತು. ಹನ್ನಾ ಬರುವ ಮೊದಲೇ ನಾವು ಅಂಗಡಿ ಸೇರಿದೆವು.

ಅಪ್ಪ ನೋಡಿ ಹೋದ ಮೇಲೆ, ಹನ್ನಾ ಮುಟ್ಟಬೇಡಿ ಎನ್ನುವ ಮೊದಲೇ ನಾನು ಕೊನೆಯ ಮೂಲೆಯನ್ನು ಒರೆಸಿ ಮುಗಿಸಿದ್ದೆ. ಯೇಸುವಿನ ಮೊಣಕಾಲ ಹತ್ತಿರ ಬೀಳುವ ಮೂಲೆ ಅದು. ಅಲ್ಲಿ ಕುಚ್ಚು ಹೊರಡುವ ಜಾಗದ ಸುತ್ತ ಕೆಂಪು ಬಣ್ಣ ಕಂಡಿತ್ತು. ಗಾಯದಿಂದ ಬಿದ್ದ ರಕ್ತದ ಹನಿ ಎಂದುಕೊಂಡು ಸುಮ್ಮನಿದ್ದೆ. ಶಿಲುಬೆಯ ಚಿತ್ರದಲ್ಲಿ ಕೆಂಪು ಬಣ್ಣ ಕಂಡರೆ ಬೇರೇನು ಅಂದುಕೊಳ್ಳಬೇಕು?

ಅಮ್ಮ ಚಿತ್ರದ ಮುಂದೆ ಸ್ಟೂಲು ಎಳೆದುಕೊಂಡು ಕೂತಳು. ಅವಳು ಮುಖ ನೋಡಲಿಲ್ಲ, ಮುಳ್ಳಿನ ಕಿರೀಟ ನೋಡಲಿಲ್ಲ. ಮದುವೆಯಾದ ಹೊಸದರಿಂದ ಕಣ್ಣು ಮಂಜಾಗುವವರೆಗೆ ಟೈಲರುಗಳಿಗೆ ಕಾಜಾ ಹಾಕಿಕೊಟ್ಟವಳು ಅವಳು. ಗುಂಡಿ ತೂರುವ ತೂತಿನ ಸುತ್ತ ದಾರದಲ್ಲಿ ಕಟ್ಟುವುದೇ ಅವಳ ಕಸುಬು. ಅವಳ ಕಣ್ಣು ನೇರವಾಗಿ ಆ ಮೂಲೆಗೆ ಹೋಗಿ ನಿಂತಿತು.

"ಚೇತು, ಇಲ್ಲಿ ಬಾರೇ. ಇದೇನಿದು ಕೆಂಪಗೆ?"

"ರಕ್ತ ಅಮ್ಮ."

"ರಕ್ತ ಅಲ್ಲ ಕಣೇ. ಕಾಜಾ. ನೋಡು, ಒಂದ್ ಪಕ್ಕ ಒಂದು ಹೊಲಿಗೆ, ತಿರುಗೋ ಕಡೆ ಗಂಟು. ನಾನ್ ಹಿಂಗೇ ತಿರುಗಿಸೋದು." ಅವಳ ಬೆರಳು ಗಾಳಿಯಲ್ಲಿ ಆ ಹೊಲಿಗೆ ಹಾಕುತ್ತಿತ್ತು. "ನಾಲ್ಕ್ ಮೂಲೇಲಿ ನಾಲ್ಕು ತೂತು. ಮೂರಕ್ಕೆ ಬಿಳಿ ದಾರ ಆಯ್ತು. ನಾಲ್ಕನೇದಕ್ಕೆ ಬಿಳೀದು ಮುಗಿದು ಕೆಂಪು ಹಾಕ್ದೆ. ನನ್ ಕೆಂಪು ಕುಬಸದ ದಾರ."

ನಾನು ಅಪ್ಪನ ಕಡೆ ತಿರುಗಿದೆ. ಅಪ್ಪ ಗೋಡೆಗೆ ಒರಗಿ ನಿಂತಿದ್ದರು.

"ತೂತು ಅಂದ್ರೆ? ನೀನು ಯಾವತ್ತೂ ಹೇಳೇ ಇಲ್ವಲ್ಲಪ್ಪ?"

"ಸಾಹೇಬ್ರು ನಾಲ್ಕ್ ಮೂಲೇಲೂ ಒಂದೊಂದು ತೂತು ಬಿಡ್ಬೇಕು ಅಂದಿದ್ರು," ಎಂದರು ಅಪ್ಪ ಮೆಲ್ಲಗೆ. "ಯಾಕೇಂತ ಕೇಳ್ಲಿಲ್ಲ. ಎಳೆ ಬಿಚ್ಕೊಳ್ಳದೆ ಇರ್ಲಿ ಅಂತ ಇವಳ ಕೈಲಿ ಕಾಜಾ ಹಾಕ್ಸಿದೆ."

"ಹಾಕ್ಸಿದ್ದು ಅಷ್ಟೇ ಅಲ್ಲ," ಎಂದಳು ಅಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಕೆಂಪು ದಾರ ನೋಡಿ ಬೈದ್ರಲ್ಲ. ಸಾಹೇಬರ ಬಟ್ಟೆ ಹಾಳು ಮಾಡ್ದೆ, ಹಳ್ಳಿ ಗುಗ್ಗು ಅಂದ್ರಿ. ಬಿಚ್ಚಿದ್ರೆ ಬಟ್ಟೆ ಹರಿಯುತ್ತೆ ಅಂತ ಹಂಗೇ ತಗೊಂಡ್ ಹೋದ್ರಿ. ಮದುವೆ ಆಗಿ ತಿಂಗಳೂ ತುಂಬಿರ್ಲಿಲ್ಲ. ಎಷ್ಟ್ ಅತ್ತಿದ್ದೆ ನಾನು."

ಆಗ ನನಗೆ ಎಲ್ಲ ತಿಳಿಯಿತು. ಅಪ್ಪನ ಕಥೆಯಲ್ಲಿ ತೂತುಗಳು ಯಾಕಿಲ್ಲ, ಅಮ್ಮ ಯಾಕಿಲ್ಲ, ಅಮ್ಮ ಯಾಕೆ ನಗುವುದಿಲ್ಲ. ಸಾಹೇಬರಿಗೆ ಇಷ್ಟವಾಗಿರಲಿಕ್ಕಿಲ್ಲ ಎಂದು ಅಪ್ಪ ಅಷ್ಟು ಬೇಗ ಒಪ್ಪಿಕೊಂಡದ್ದೂ ಆ ಕೆಂಪು ಮೂಲೆಯಿಂದಲೇ.

ಅಷ್ಟರಲ್ಲಿ ಹನ್ನಾ ಬಂದರು. ಬೆಳ್ಳಗಿನ ಕೂದಲು, ಹತ್ತಿ ಸೀರೆ, ಕೈಯಲ್ಲೊಂದು ಸ್ಟೀಲ್ ಡಬ್ಬಿ. ಅವರ ಹಿಂದೆಯೇ ಪೂಜೆ ಮುಗಿಸಿಕೊಂಡು ಫಾದರ್ ಜಯರಾಜ್, ಅವರ ಜೊತೆ ವಿಮಲಮ್ಮ. ಹನ್ನಾ ಯಾರನ್ನೂ ಮಾತಾಡಿಸದೆ ಚಿತ್ರದ ಮುಂದೆ ಹೋಗಿ ಅದೇ ಮೂಲೆಗೆ ಬಗ್ಗಿದರು.

"ಕೆಂಪು ದಾರ," ಎಂದರು. "ಇದೂ ಬರೆದಿದಾರೆ."

ಅಪ್ಪ ಮುಂದೆ ಬಂದು ಕೈ ಮುಗಿದರು. "ಅಮ್ಮಾ, ಆ ದಾರ ನಿಮಗೆ ಹೆಂಗ್ ಗೊತ್ತು?"

"ಗೊತ್ತಿಲ್ದೆ ಏನು? ಶನಿವಾರ ಅಪ್ಪ ಶಾಲು ಹೊದ್ದುಕೊಂಡು ಪ್ರಾರ್ಥನೆ ಮಾಡ್ತಿದ್ರೆ ನಾನು ಆ ಮೂಲೆ ಹಿಡ್ಕೊಂಡು ಕೂರ್ತಿದ್ದೆ. ಮೂರು ಬಿಳಿ, ಒಂದು ಕೆಂಪು ಯಾಕಪ್ಪ ಅಂತ ಕೇಳಿದ್ದೆ. ಅದು ನೇಯ್ದು ಕೊಟ್ಟವರ ಮನೆ ಹೆಣ್ಣುಮಗಳ ಗುರುತು, ಅದನ್ನ ಬಿಚ್ಚಬಾರದು ಅಂದ್ರು." ಹಾಗೆ ಹೇಳುತ್ತಲೇ ಅವರು ಅಪ್ಪನ ಕಡೆ ತಿರುಗಿದರು. "ತಾತನ ಶಾಲು ಕೊಂಕಣದ ಪೆಣ್‌ನಿಂದ ಬರೋ ಹೊತ್ತಿಗೆ ಹುಳ ತಿಂದು ಹೋಗಿತ್ತಂತೆ. ಕುಚ್ಚು ಮಾತ್ರ ಉಳಿದಿತ್ತು. ಅದನ್ನ ಹೊಸ ಬಟ್ಟೆಗೆ ಕಟ್ಟಿದ್ರು. ಚಿಕ್ಕವಳಿದ್ದಾಗ ಕೇಳಿದ್ದು ಮರೆತು, ನಾನು ಇಷ್ಟು ವರ್ಷ ಪೂರ್ತಿ ತಾತನದು ಅಂತಲೇ ಅಂದ್ಕೊಂಡಿದ್ದೆ. ಬಟ್ಟೆ ನಿಮ್ದಾ?"

"ಬಟ್ಟೆ ನಂದು," ಎಂದರು ಅಪ್ಪ. ಅಮ್ಮನ ಕಡೆ ಕೈ ತೋರಿಸಿದರು. "ಆ ಹೆಣ್ಣುಮಗಳು ಇವಳು."

ಹನ್ನಾ ಅಮ್ಮನ ಎರಡೂ ಕೈ ಹಿಡಿದುಕೊಂಡು ಬೆರಳುಗಳನ್ನೇ ನೋಡಿದರು. ವಿಮಲಮ್ಮನೂ ಬಗ್ಗಿ ಆ ಮೂಲೆ ನೋಡಿದರು. ಅವರೇ ಬಿಳಿ ಬಣ್ಣ ಹೊಡೆಸಬೇಕೆಂದವರು ಎಂದು ನನಗೆ ನೆನಪಿತ್ತು, ಒಂದು ಮಾತು ಹೇಳಲು ನಾಲಿಗೆ ತುದಿಗೆ ತಂದುಕೊಂಡೂ ಇದ್ದೆ. ಆದರೆ ಅವರು ಅಮ್ಮನಿಗೆ, "ಎಂಥಾ ಸಣ್ಣ ಕಾಜಾ ಅಕ್ಕಾ ಇದು, ಕೈಯಲ್ಲೇ ಹಾಕಿದ್ದಾ?" ಎಂದು ಕೇಳಿಬಿಟ್ಟರು. ನನ್ನ ಮಾತು ಒಳಗೇ ಉಳಿಯಿತು.

ಫಾದರಿಗೆ ತಿಳಿಯಬೇಕಾದದ್ದು ಬೇರೆಯಿತ್ತು. ಯಹೂದಿಯಾದವರು ತಮ್ಮ ಪ್ರಾರ್ಥನೆಯ ಬಟ್ಟೆಯನ್ನು ಯೇಸುವಿಗೆ ಯಾಕೆ ಉಡಿಸಿದರು ಎಂದು ಕೇಳಿದರು.

"ಮಿಲ್ಲಿನ ಕ್ರಿಶ್ಚಿಯನ್ನರು ಚಿತ್ರ ಬರೆದು ಕೊಡಿ ಅಂತ ಕೇಳಿದಾಗ ಅಪ್ಪ ತುಂಬ ಒದ್ದಾಡಿದ್ರಂತೆ," ಎಂದರು ಹನ್ನಾ. "ನಮ್ಮಲ್ಲಿ ದೇವರ ಚಿತ್ರ ಬರಿಯೋ ಹಾಗಿಲ್ಲ. ಶಿಲುಬೆ ಹೆಸರು ಹೇಳ್ಕೊಂಡು ಬೇರೆ ದೇಶಗಳಲ್ಲಿ ನಮ್ಮವರನ್ನ ಎಷ್ಟು ಹಿಂಸೆ ಮಾಡಿದಾರೆ ಅನ್ನೋದೂ ಗೊತ್ತಿತ್ತು. ಇಲ್ಲ ಅನ್ನೋದಕ್ಕೂ ಮನಸ್ಸಿಲ್ಲ. ಊರಿಗೆ ಬಂದಾಗ ಮನೆ ಕೊಟ್ಟವರು, ನಾನು ಹುಟ್ಟಿದಾಗ ಬಾಣಂತನ ಮಾಡಿದವರು ಅದೇ ಲೈನಿನವರು. ಆಗ ಡಿಸೈನ್ ಸೆಕ್ಷನ್ನಿಗೆ ಬರ್ತಿದ್ದ ಯಾವುದೋ ಪತ್ರಿಕೆಲಿ ಅಪ್ಪ ಒಂದು ಚಿತ್ರ ನೋಡಿದ್ರು. ಯುರೋಪಲ್ಲಿ ನಮ್ಮವರನ್ನ ಕೊಲ್ತಿದ್ದ ಕಾಲದಲ್ಲಿ ಕೆಲವು ಯಹೂದಿ ಕಲಾವಿದರು ಯೇಸುವನ್ನ ಬರೆದರು, ಸೊಂಟಕ್ಕೆ ಈ ಶಾಲು ಸುತ್ತಿ. ನೀವು ಕೊಲ್ತಿರೋದು ಇವನ ಜನರನ್ನೇ ಅಂತ ಹೇಳೋಕೆ. ಅದನ್ನ ನೋಡಿದ ಮೇಲೆ ಅಪ್ಪಂಗೆ ದಾರಿ ಸಿಕ್ತು. ಇವನು ನಮ್ಮ ಹುಡುಗ, ನಮ್ಮ ಬಟ್ಟೆಯಲ್ಲೇ ಬರೀತೀನಿ ಅಂದ್ರು. ಜನ ಅದನ್ನ ಮಿಲ್ಲಿನ ಟವಲು ಅಂದ್ಕೊಂಡಾಗ ಅಪ್ಪ ತಿದ್ದಲಿಲ್ಲ. ನೇಯ್ದಿದ್ದು ಅವರೇ ತಾನೆ, ಅವರು ಹೇಳೋದೂ ನಿಜವೇ ಅಂತಿದ್ರು."

ಫಾದರ್ ಚಿತ್ರದ ಹತ್ತಿರ ಹೋದರು. "ಯೇಸು ಯಹೂದಿ ಅಂತ ನಾನು ಪ್ರತಿ ಭಾನುವಾರ ಓದಿ ಹೇಳ್ತೀನಿ. ಕಣ್ಣೆದುರಿಗೇ ಇತ್ತು, ಕಾಣಲಿಲ್ಲ." ಆಮೇಲೆ ನನಗೆ, "ಬಿಳಿ ಬಣ್ಣದ ಡಬ್ಬಿ ಒಳಗಿಡಿ ಅಕ್ಕಾ," ಎಂದರು. ವಿಮಲಮ್ಮ ತಲೆಯಾಡಿಸಿದರು.

ಅಪ್ಪನಿಗೆ ಇನ್ನೊಂದು ಕೇಳುವುದಿತ್ತು. ಕೇಳಲೋ ಬೇಡವೋ ಎಂದು ಅನುಮಾನಿಸುತ್ತ ಕೇಳಿದರು. "ಆ ಬಟ್ಟೆ ಈಗ ಎಲ್ಲಿದೆ ಅಮ್ಮಾ?"

"ಅಪ್ಪನ ಜೊತೆಗಿದೆ. ನಮ್ಮಲ್ಲಿ ಗಂಡಸರನ್ನ ಅವರವರ ಶಾಲಲ್ಲೇ ಸುತ್ತಿ ಮಣ್ಣು ಮಾಡ್ತಾರೆ. ಒಂದು ಮೂಲೆ ಕುಚ್ಚು ಮಾತ್ರ ಕತ್ತರಿಸಿ ತೆಗೀಬೇಕು, ಇನ್ನು ಪ್ರಾರ್ಥನೆ ಇಲ್ಲ ಅಂತ. ನಮ್ಮವರೊಬ್ಬರು ಕೆಂಪು ದಾರದ ಮೂಲೆ ಹಿಡಿದ್ರು. ಅದೊಂದು ಬಿಟ್ಟು ಬೇರೆ ಯಾವುದನ್ನಾದ್ರೂ ಕತ್ತರಿಸಿ ಅಂತ ನಾನು ಹಟ ಮಾಡ್ದೆ."

"ಅವತ್ತು ನಾನೂ ಅಲ್ಲಿದ್ದೆ," ಎಂದರು ಅಪ್ಪ. "ಗೇಟ್ ಹತ್ರ ನಿಂತಿದ್ದೆ. ಬೆಳ್ಳಗೆ ಏನೋ ಸುತ್ತಿದ್ದು ಕಾಣ್ತು. ನಂದೇ ಅಂತ ಗೊತ್ತಾಗ್ಲಿಲ್ಲ." ಅವರು ಸ್ಟೂಲಿನ ಮೇಲೆ ಕೂತು ಅತ್ತರು. ಅಪ್ಪ ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೂ ಕಣ್ಣು ತುಂಬಿತು. ಗೊತ್ತಿಲ್ಲದ ಆ ಮನುಷ್ಯನಿಗೆ, ಸ್ಮಶಾನದಲ್ಲಿರುವ ಪೆಣ್ಕರ್ ಸಾಹೇಬರಿಗೆ, ನಾನು ಮನಸ್ಸಿನಲ್ಲೇ ಕೈ ಮುಗಿದೆ. ಬಣ್ಣ ಅವರ ಕೈಯಲ್ಲಿತ್ತು. ಆ ಮೂಲೆಯನ್ನೂ ಬೆಳ್ಳಗೆ ಬರೆದಿದ್ದರೆ ಯಾರೂ ಕೇಳುತ್ತಿರಲಿಲ್ಲ.

ಅಮ್ಮ ಅಳಲಿಲ್ಲ. ಅಪ್ಪನ ಬೆನ್ನು ಸವರುತ್ತ ಹನ್ನಾರ ಡಬ್ಬಿಯ ಕಡೆ ನೋಡಿದಳು. ಹನ್ನಾ ಮುಚ್ಚಳ ತೆಗೆದರು. ನೆನೆಸಿದ ಅವಲಕ್ಕಿ, ಕಾಯಿತುರಿ, ಸಕ್ಕರೆ, ಏಲಕ್ಕಿ, ದ್ರಾಕ್ಷಿ. ಮಲೀದಾ ಎಂದರು, ಒಳ್ಳೆಯದು ನಡೆದಾಗ ದೇವರಿಗೆ ಕೃತಜ್ಞತೆ ಹೇಳಲು ತಮ್ಮ ಮನೆಗಳಲ್ಲಿ ಇದನ್ನೇ ಮಾಡುತ್ತಾರೆ ಎಂದರು. "ನಮ್ ಸಿಹಿ ಅವಲಕ್ಕಿನೇ," ಎಂದಳು ಅಮ್ಮ. ಚಿತ್ರಕ್ಕೆ ಬೆನ್ನು ಮಾಡದ ಹಾಗೆ ಎಲ್ಲರೂ ಸುತ್ತ ಕೂತು, ನನ್ನ ಕಟ್ಟಿಂಗ್ ಟೇಬಲ್ಲಿನ ಮೇಲೆ ಪೇಪರ್ ಹಾಸಿಕೊಂಡು ತಿಂದೆವು.

ಕ್ರಿಸ್ಮಸ್ ದಿನ ಚರ್ಚಿಗೆ ಹೋದೆವು. ಟವಲ್ ಯೇಸಪ್ಪ ಹೊಸ ಗೋಡೆಯ ಮೇಲೆ, ಎಲ್ಲರ ಕಣ್ಣಿಗೂ ಎಟುಕುವ ಎತ್ತರದಲ್ಲಿ ಇದ್ದ. ಹೆಸರು ಬದಲಾಗಿರಲಿಲ್ಲ, ಬದಲಾಗುವುದೂ ಬೇಡ ಎಂದು ಫಾದರ್ ಪ್ರವಚನದಲ್ಲಿ ಹೇಳಿದರು. ಪೂಜೆ ಮುಗಿದ ಮೇಲೆ ಅಪಾರ್ಟ್‌ಮೆಂಟಿನ ಹೆಂಗಸೊಬ್ಬರು ಮಕ್ಕಳನ್ನು ಕರೆದುಕೊಂಡು ಚಿತ್ರದ ಹತ್ತಿರ ನಿಂತಿದ್ದರು. ಅಪ್ಪ ಕೋಲೂರಿಕೊಂಡು ಅವರ ಪಕ್ಕಕ್ಕೆ ಹೋದರು. ತಿಂಗಳಿಂದ ನಿಂತಿದ್ದ ಕಥೆ ಮತ್ತೆ ಶುರುವಾಯಿತು. ಪೆಣ್ಕರ್ ಸಾಹೇಬರು ಬಂದರು, ಡಿಸೈನು ತೋರಿಸಿದರು, ಕಬ್ಬನ್‌ಪೇಟೆಯಲ್ಲಿ ಮಗ್ಗ ಸಿಕ್ಕಿತು.

"ಬಟ್ಟೆ ನಂದು," ಎಂದರು ಅಪ್ಪ. ಇಲ್ಲಿಗೆ ಕಥೆ ಮುಗಿಯಬೇಕಿತ್ತು, ಮುಗಿಯಲಿಲ್ಲ. "ನಾಲ್ಕು ಮೂಲೆ ಇವಳದು, ನನ್ ಹೆಂಡ್ತಿ ಅಂಜನಮ್ಮಂದು. ಆ ಕೆಂಪು ದಾರ ಇದ್ಯಲ್ಲ, ಅದಕ್ಕೆ ನಾನು ಇವಳಿಗೆ ಬೈದಿದ್ದೆ. ಸಾಹೇಬ್ರು ಅದನ್ನ ಯೇಸಪ್ಪನ ಮೈಮೇಲೆ ಬರ್ದಿಟ್ರು."

ಹೇಳಿ ಮುಗಿಸಿ ಅಪ್ಪ ಅಮ್ಮನ ಕಡೆ ನೋಡಿದರು. ಸೀರೆಯ ಮಾತು ಬರುತ್ತದೆ ಎಂದು ನಾನೂ ಕಾದೆ. ಅಮ್ಮ ಸೆರಗು ಸರಿಮಾಡಿಕೊಂಡಳು.

"ಇನ್ನೊಂದ್ ಸಲ ಹೇಳ್ರಿ," ಎಂದಳು. "ಹಿಂದಿರೋರಿಗೆ ಕೇಳಿಸ್ಲಿಲ್ಲ ಅನ್ಸುತ್ತೆ."